‘ಬುತ್ತಿ’ಯ ಬಟನ್ ಯಾರ ಕೈಯಲ್ಲಿ?

“ನಿಮ್ಮ ‘ಬುತ್ತಿ’ ಹಳಸ್ಯದ ಚಾಚಾ. ನಿಮಗ ವಾಸನಿ ಬರವಲ್ದು, ಅಷ್ಟೇ.”

“ಅದನ್ನೇ ಉಂಡು ದೊಡ್ಡಾಕಿ ಆಗೀದಿ. ಈಗ ವಾಸನಿ ಬರಾಕತ್ತದೇನು?”

ಹಾರಿ ಬಂದ ಮೌಸ್ ನನ್ನ ಕಿವಿ ಸವರಿ ಗೋಡೆಗೆ ಬಡಿಯಿತು.

ಯಾರು ಎಸೆದರೆಂದು ಕೇಳುವ ಮನುಷ್ಯ ನಾನಲ್ಲ. ಇಬ್ಬರ ಲ್ಯಾಪ್‌ಟಾಪನ್ನೂ ಕಿತ್ತು ಕಂಕುಳಿಗೆ ಸಿಕ್ಕಿಸಿಕೊಂಡೆ.

ಹುಡುಗಿ ಸನೋಬರ್, ಅವಳು ಚಾಚಾ ಎಂದ ಜಹೀರುದ್ದೀನ್, ಇಬ್ಬರೂ ನನ್ನತ್ತ ತಿರುಗಿದರು.

ನನ್ನ ಹೆಸರು ಅಂಬಣ್ಣ. ತಾಜಸುಲ್ತಾನಪುರದ ಸಾಲೆಯಲ್ಲಿ ಏಳನೆಯವರೆಗೆ ಓದಿದವನು. ಕಳೆದುಹೋದ ಲಾರಿ, ಓಡಿಹೋದ ಪಾರ್ಟನರ್... ಹುಡುಕಿ ತರುವುದು ನನ್ನ ದಂಧೆ. ಈ ಸಲ ಕಳಿಸಿದವರು ನಂದೂರಿನ ದಾಲ್ ಮಿಲ್ಲಿನವರು. ಅವರ ಲಾರಿ ಬುಕಿಂಗ್ ಪೂರ್ತಿ ನಡೆಯುವುದು ‘ಬುತ್ತಿ’ ಎಂಬ ವೆಬ್ ಸಾಫ್ಟ್‌ವೇರ್ ಮೇಲೆ. ಕಲಬುರಗಿಯ ಖೂಬಾ ಪ್ಲಾಟಿನ ಇದೇ ರೂಮಿನಲ್ಲಿ ಅದು ಹುಟ್ಟಿದ್ದು. ಈಗ ಮುದಿಯಾಗಿದೆ. ಹಳೆಯದನ್ನು ಇವತ್ತು ಸಂಜೆಗೆ ಬಂದ್ ಮಾಡುತ್ತೇವೆಂದು ಸರ್ವರ್ ಕಂಪನಿಯವರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಹೊಸದು ಬಿಡುಗಡೆಯಾಗದಿದ್ದರೆ ನಾಳೆ ನಂದೂರಿನಲ್ಲಿ ಒಂದು ಲಾರಿಯೂ ಅಲ್ಲಾಡುವುದಿಲ್ಲ!

ಹೊಸದನ್ನು ಸನೋಬರ್ ಬರೆದು ಮುಗಿಸಿದ್ದಳು. ಅದರ ಸ್ಕ್ರೀನ್ ಕಂಡರೆ ಮಿಲ್ಲಿನ ಮುನೀಮರು ಮೂರ್ಛೆ ಹೋಗುತ್ತಾರೆಂದು ಜಹೀರುದ್ದೀನ್ ಅಡ್ಡ ನಿಂತಿದ್ದ. ಇಬ್ಬರೂ ಒಪ್ಪಿದರೂ ಉಪಯೋಗವಿರಲಿಲ್ಲ. ಬಿಡುಗಡೆಯ ಪಾಸ್‌ವರ್ಡ್ ಇದ್ದದ್ದು ಬುತ್ತಿ ಕಟ್ಟಿದ ಅಣವೀರಪ್ಪನವರ ಬಳಿ ಮಾತ್ರ. ಬೆಳಗ್ಗೆ ಇವರ ಜಗಳ ಕೇಳುತ್ತ ಕೇಳುತ್ತ ಚಪ್ಪಲಿ ಮೆಟ್ಟಿ ಹೊರಟವರು...

ಫೋನ್ ಬಂದ್. ಅವರನ್ನು ಹುಡುಕುವುದೇ ನನ್ನ ಕೆಲಸ.

ಗೋಡೆಯ ಮೇಲೆ ಅವರೇ ಬರೆದ ನಿಯಮವಿತ್ತು. ಕುಂದು ಹೇಳಿದವರೇ ಸರಿ ಮಾಡಬೇಕು. ಈ ಮಂದಿ ಅದನ್ನು ಆಣೆ ಇಟ್ಟಂತೆ ಪಾಲಿಸುತ್ತಾರಂತೆ. ನನಗೆ ನಗು ಬಂತು.

ನಗಬಾರದಿತ್ತು.

“ಎಲ್ಲಿ ಹೋಗ್ಯಾರ?”

“ಕಮಲಾಪುರಕ್ಕ,” ಎಂದಳು ಸನೋಬರ್. “ಸಿಟ್ಟು ಬಂದರ ಬಾಳಿತೋಟದಾಗ ಕೂಡ್ತಾರ.”

ಹೊರಗೆ ಬೈಕ್ ಗುಡುಗಿತು. ಜಹೀರುದ್ದೀನ್! ನಮಗಿಂತ ಮೊದಲು ಹಿರಿಯರ ಕಿವಿ ತುಂಬಲು ಹೊರಟಿದ್ದ.

ಸನೋಬರಳನ್ನು ಜೀಪಿಗೆ ಹತ್ತಿಸಿ ಬೆನ್ನಟ್ಟಿದೆ. ಹುಮನಾಬಾದ್ ರಸ್ತೆ. ಲಾರಿಗಳ ಸಂದಿಯಲ್ಲಿ ಅವನ ಕೆಂಪು ಹೆಲ್ಮೆಟ್ ಮುಳುಗುತ್ತಿತ್ತು, ಏಳುತ್ತಿತ್ತು. ಹಾರ್ನ್ ಒತ್ತಿದೆ. ಕೈ ಎತ್ತಿ ಬೆದರಿಸಿದ. ಇನ್ನಷ್ಟು ಒತ್ತಿದೆ. ಬೈಕ್ ಮಣ್ಣಿಗಿಳಿದು ಕೆಮ್ಮಿತು... ನಿಂತಿತು.

ಪೆಟ್ರೋಲ್ ಖಾಲಿ.

“ಹತ್ತು,” ಎಂದೆ. ಹತ್ತಿದ. ಕಮಲಾಪುರ ಮುಟ್ಟುವವರೆಗೂ ಹಿಂದಿನ ಸೀಟಿನಲ್ಲಿ ಅದೇ ಜಗಳ.

ಅಣವೀರಪ್ಪ ಗಿಡದ ನೆರಳಲ್ಲಿ ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದರು. ಪಾಸ್‌ವರ್ಡ್ ಕೇಳಿದೆ. ಹಣ್ಣು ಕೊಟ್ಟರು. ಮತ್ತೆ ಕೇಳಿದೆ. ಮತ್ತೊಂದು ಹಣ್ಣು. ಅವರಿಬ್ಬರೂ ಒಂದಾಗಲಿ, ಆಮೇಲೆ ನೋಡೋಣ ಎಂದರು.

ನನ್ನ ತಲೆ ಕೆಟ್ಟಿತು.

“ಇಡೀ ನಂದೂರು ನಿಮ್ಮೊಬ್ಬರ ಕೈಯಾಗ ಸಿಕ್ಕೊಂಡದ. ಇವರಿಬ್ಬರು ಬಡಿದಾಡ್ತಾರ, ಕೇಳೋರಿಲ್ಲ. ಇದು ಪೂರಾ ತಪ್ಪದ ರೀ!”

ಹಣ್ಣು ಸುಲಿಯುವ ಕೈ ನಿಂತಿತು. ಸನೋಬರ್ ಜಹೀರುದ್ದೀನನ ಮುಖ ನೋಡಿದಳು. ಅವನು ಅವಳ ಮುಖ ನೋಡಿದ. ಅವತ್ತು ಮೊದಲ ಸಲ ಇಬ್ಬರೂ ಒಟ್ಟಿಗೆ ನಕ್ಕರು.

“ಕುಂದು ಹೇಳಿದಿ,” ಎಂದರು ಅಣವೀರಪ್ಪ.

“ಹೇಳೀನಿ. ಏನೀಗ?”

“ಸರಿ ಮಾಡು.”

“ನನಗ ಕಂಪ್ಯೂಟರ್ ಬರಂಗಿಲ್ಲ ರೀ.”

“ಅವರಿಬ್ಬರಿಗೂ ಬರ್ತದ. ಅದಕ್ಕೇ ಇಷ್ಟು ರಾಡಿ ಆಗ್ಯದ.”

ಪಾಸ್‌ವರ್ಡ್ ನನ್ನ ಕೈಗೆ ಬಂತು. ತೀರ್ಪು ಕೊಟ್ಟೆ. ಒಳಗಿನ ಎಂಜಿನ್ ಸನೋಬರಳದು, ಮೇಲಿನ ಸ್ಕ್ರೀನ್ ಜಹೀರುದ್ದೀನನ ಹಳೆಯದೇ. ಒಪ್ಪದವರು ಕಲಬುರಗಿಗೆ ನಡೆದುಕೊಂಡು ಹೋಗಬೇಕು! ಜೀಪಿನಿಂದ ಲ್ಯಾಪ್‌ಟಾಪ್ ತಂದುಕೊಟ್ಟೆ. ಗೊಣಗುತ್ತ ಕುಳಿತು ಜೋಡಿಸಿದರು. ಬಿಸಿಲು ಇಳಿಯುವ ಹೊತ್ತಿಗೆ ಬಟನ್ ಒತ್ತಿದೆ. ನಂದೂರಿನಿಂದ ಫೋನ್ ಬಂತು. ಬುಕಿಂಗ್ ನಡೆಯುತ್ತಿದೆ, ಏನೂ ಬದಲಾಗಿಲ್ಲವಲ್ಲ ಎಂದರು.

ಸನೋಬರಳ ಮುಖ ನೋಡಬೇಕಿತ್ತು ನೀವು.

ಅಣವೀರಪ್ಪ ಟವೆಲ್ ಝಾಡಿಸಿ ಎದ್ದರು. ಚಹಾ ಹೇಳಿ ಬರುತ್ತೇನೆಂದು ಬದುವಿನ ಮೇಲೆ ಹೊರಟರು. ಸಿಳ್ಳೆ ಹಾಕುತ್ತಿದ್ದರು.

ಚಹಾ ಬಂತು. ಅವರು ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ. ಪಾಸ್‌ವರ್ಡ್ ಇನ್ನೂ ನನ್ನ ಕೊರಳಿಗೇ ಗಂಟು ಬಿದ್ದಿದೆ.

ಹುಡುಕುವುದು ನನ್ನ ದಂಧೆ. ಬೀದರಿನ ಯಾವ ಓಣಿಯಲ್ಲಿದ್ದಾರೆಂಬುದೂ ಗೊತ್ತು. ಆದರೂ ಹೋಗಿಲ್ಲ... ಹೋದರೆ ಬೈಯದೆ ಇರಲಾರೆ. ಬೈದರೆ, ಅದನ್ನೂ ನಾನೇ ಸರಿ ಮಾಡಬೇಕು!