ಬಿಡಿಸದೆ ಬಿಟ್ಟ ಪೊರೆ

ಆ ಕಂಪ್ಯೂಟರ್ ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಒಳಗಿದ್ದವರಿಗೆ ಸೀನು ಬಂದರೆ ಮೊದಲು ಬಾಗಿಲು ತೆರೆದು ಆಮೇಲೆ ಸೀನಬೇಕು. ಮುಂದಿನ ಅರ್ಧದಲ್ಲಿ ಅತ್ತಿಗೆ ಕೂತು ರೆಡಿಮೇಡ್ ಗೇಮಿಂಗ್ ಮಷೀನುಗಳನ್ನು ಮಾರುತ್ತಿದ್ದಳು. ಅವುಗಳ ಮೈತುಂಬ ಕೆಂಪು, ನೀಲಿ, ಹಸಿರು ದೀಪ. ಅವನ್ನು ನೋಡಿ ಬೀದಿದೀಪಗಳೇ ನಾಚಿಕೊಂಡು ಆರಿಹೋಗುತ್ತವೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಹಿಂದಿನ ಅರ್ಧ ಮೈದುನನದು. ಒಂದು ಬೆಂಚು, ಒಂದು ಟೇಬಲ್ ಲ್ಯಾಂಪು, ಡಬ್ಬಗಟ್ಟಲೆ ಬಿಡಿಭಾಗ. ಬಾಯಲ್ಲಿ ಸದಾ ಎರಡು ಸ್ಕ್ರೂ ಕಚ್ಚಿಕೊಂಡು ಕೆಲಸ ಮಾಡುವ ಅವನನ್ನು ಬೀದಿಯೆಲ್ಲ ಸ್ಕ್ರೂ ಎಂದೇ ಕರೆಯುತ್ತಿತ್ತು. ಸ್ಕ್ರೂ ತೆಗೆದ ಮೇಲೂ ಆ ಬಾಯಿಂದ ಮಾತು ಬೀಳುತ್ತಿರಲಿಲ್ಲ ಅನ್ನುವುದು ಬೇರೆ ವಿಷಯ. ಅಂಗಡಿ ಮುಚ್ಚಿ ಮೆಟ್ಟಿಲು ಹತ್ತಿ ಕೋಣೆಗೆ ಹೋದರೆ ಅಲ್ಲಿ ಅವನ ಜೊತೆ ಮಾತಾಡಲು ಇದ್ದದ್ದು ಫ್ರಿಜ್ಜು ಒಂದೇ. ಅದು ಗುರ್ ಅಂದಾಗ ಇವನು ಹೂಂ ಅನ್ನುತ್ತಿದ್ದ.

ಅವನಿಗೆ ಇದ್ದದ್ದು ಒಂದೇ ಜಂಬ. ಅವನ ಬೆಂಚಿನಿಂದ ಎದ್ದು ಹೋದ ಮಷೀನು ಒಂದೂ ರಿಪೇರಿಗೆ ವಾಪಸ್ ಬಂದಿರಲಿಲ್ಲ. ಆದರೆ ಮಷೀನು ಬರದಿದ್ದರೆ ಅದನ್ನು ಒಯ್ದವರೂ ಬರುವುದಿಲ್ಲ. ಇದು ಅವನಿಗೆ ತಡವಾಗಿ ಹೊಳೆದಿತ್ತು.

ಅವಳು ಬಂದದ್ದು ರೆಡಿಮೇಡ್ ಮಷೀನು ಕೊಳ್ಳುವುದಕ್ಕೇ. ಬೀದಿಯ ಆ ತುದಿಯ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು. ಅತ್ತಿಗೆ ನಾಲ್ಕೇ ಪ್ರಶ್ನೆಯಲ್ಲಿ ಅವಳ ಕಥೆಯನ್ನೆಲ್ಲ ಹಿಂಡಿ ತೆಗೆದಳು. ಅಕ್ಕತಂಗಿ ಒಂದೇ ಕೋಣೆಯಲ್ಲಿದ್ದರು, ಸಂಜೆ ಒಂದೇ ಮಷೀನಿಗೆ ಕಿತ್ತಾಡಿಕೊಂಡು ಆಟ ಆಡುತ್ತಿದ್ದರು. ತಂಗಿ ಮದುವೆಯಾಗಿ ಹೋಗುವಾಗ ಮಷೀನನ್ನೂ ಒಯ್ದಳು. ಅಕ್ಕನೂ ಒಂದು ಕೊಂಡರೆ ಭಾನುವಾರಗಳಲ್ಲಿ ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ಮೊದಲಿನ ಹಾಗೆ ಜೊತೆಗೆ ಆಡಬಹುದಂತೆ.

ಅತ್ತಿಗೆ ಇದ್ದದ್ದರಲ್ಲೇ ಝಗಮಗಿಸುವುದೊಂದನ್ನು ಮುಂದಿಟ್ಟಳು. ಕೊಳ್ಳಲು ಬಂದವಳು ಬಗ್ಗಿ ನೋಡಿದಳು. ಪೆಟ್ಟಿಗೆಯ ಪಕ್ಕದ ಗಾಜಿನ ಮೇಲೆ ಕಂಪನಿಯವರು ಅಂಟಿಸಿದ ತೆಳು ಪ್ಲಾಸ್ಟಿಕ್ ಪೊರೆ ಇನ್ನೂ ಹಾಗೇ ಇತ್ತು. ಉಗುರಿನಿಂದ ಮೂಲೆ ಎತ್ತಿ ಒಂದೇ ಎಳೆತಕ್ಕೆ ಅದನ್ನು ಸುಲಿದಳು. ಆಮೇಲೆ ತಾನೇ ಪೆಚ್ಚಾದಳು.

"ಸಾರಿ. ದಿನಾ ಹೊಸ ಲೆನ್ಸಿನ ಪೊರೆ ಬಿಡಿಸೋದೇ ನನ್ನ ಕೆಲಸ. ಎಲ್ಲಿ ಕಂಡ್ರೂ ಕೈ ಸುಮ್ನಿರಲ್ಲ."

ಹಿಂದಿನ ಬೆಂಚಿನಿಂದ ಅವನು ತಲೆ ಎತ್ತಿದ್ದು ಆಗಲೇ. ಯಾಕೆ ಬಾಯಿ ತೆರೆದನೋ ಅವನಿಗೇ ಗೊತ್ತಿಲ್ಲ.

"ಅದ್ರಲ್ಲಿ ಪವರ್ ಸಪ್ಲೈ ಸಾಲಲ್ಲ."

ಅತ್ತಿಗೆ ತಿರುಗಿ ನೋಡಿದ ನೋಟಕ್ಕೆ ಮೊಟ್ಟೆ ಇಟ್ಟಿದ್ದರೆ ಬೆಂದುಹೋಗುತ್ತಿತ್ತು. ಅವನು ಮಾತ್ರ ನಿಲ್ಲಿಸಲಿಲ್ಲ. ರೆಡಿಮೇಡಿನಲ್ಲಿ ಕಣ್ಣಿಗೆ ಕಾಣುವುದೆಲ್ಲ ಚೆನ್ನಾಗಿಯೇ ಇರುತ್ತದೆ, ಕಾಣದ ಕಡೆ ಕಂಪನಿಯವರು ಕೈ ಬಿಗಿ ಹಿಡಿದಿರುತ್ತಾರೆ ಎಂದ. ಬಿಡಿಭಾಗ ಆರಿಸಿ ಕಟ್ಟಿಕೊಂಡರೆ ಒಳಗೇನಿದೆ ಅನ್ನುವುದು ನಮಗೇ ಗೊತ್ತಿರುತ್ತದೆ, ಆದರೆ ನಿಧಾನ, ಒಂದೊಂದೇ ತರಿಸಬೇಕು, ಎರಡು ಮೂರು ವಾರವಾದರೂ ಬೇಕು ಎಂದ. ಅಷ್ಟು ಮಾತನ್ನು ಅವನು ಹಿಂದಿನ ಇಡೀ ವರ್ಷದಲ್ಲಿ ಆಡಿರಲಿಲ್ಲ.

"ನನ್ನ ಮೈದುನ ಬಾಯಿ ಬಿಡೋದೇ ಅಪರೂಪ ಮೇಡಂ," ಅತ್ತಿಗೆ ಸಕ್ಕರೆ ಹಾಕಿ ಹೇಳಿದಳು. "ಬಿಟ್ರೆ ನನ್ನ ವ್ಯಾಪಾರ ಕೆಡಿಸೋಕೇ."

ಕನ್ನಡಕದಂಗಡಿಯವಳು ಝಗಮಗಿಸುವ ಪೆಟ್ಟಿಗೆಯನ್ನು ನೋಡಿದಳು. ಹಿಂದಿನ ಮಬ್ಬು ಬೆಂಚನ್ನು ನೋಡಿದಳು.

"ಇದನ್ನ ತಗೊಂಡ್ರೆ ಇವತ್ತಿಗೇ ಮುಗ್ದುಹೋಗತ್ತೆ," ತನಗೆ ತಾನೇ ಹೇಳಿಕೊಂಡ ಹಾಗೆ ಅಂದಳು. "ತಂಗಿ ಸಿಗೋದು ಭಾನುವಾರ ಮಾತ್ರ. ಉಳಿದ ಸಂಜೆ ಏನ್ಮಾಡ್ಲಿ? ನಾನೇ ಕಟ್ತೀನಿ. ಹೇಳ್ಕೊಡ್ತೀರಾ?"

ಅವನು ಹೂಂ ಅನ್ನಲು ಹೋಗಿ ಬಾಯಲ್ಲಿದ್ದ ಸ್ಕ್ರೂ ನುಂಗುವುದೊಂದು ಬಾಕಿ.

ಅವತ್ತಿನಿಂದ ತನ್ನ ಅಂಗಡಿ ಮುಗಿಸಿಕೊಂಡು ಅವಳು ಬರತೊಡಗಿದಳು. ಒಂದು ಸಂಜೆ ಮದರ್‌ಬೋರ್ಡ್, ಇನ್ನೊಂದು ಸಂಜೆ ರ‍್ಯಾಮ್, ಮತ್ತೊಂದು ಸಂಜೆ ಬರೀ ವೈರುಗಳನ್ನು ಜಡೆಯ ಹಾಗೆ ನೀಟಾಗಿ ಕಟ್ಟುವುದು. ಅವಳ ಕೈ ಎಂಥ ಹಗುರವೆಂದರೆ, ಆ ಕೈ ತಾಗಿದ್ದು ಧೂಳಿಗೂ ಗೊತ್ತಾಗುತ್ತಿರಲಿಲ್ಲ. ಅವನು ಹೇಳಿಕೊಡುವುದಕ್ಕೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಆದರೂ ಅವನು ಹೇಳಿದ್ದನ್ನೇ ಹೇಳುತ್ತಿದ್ದ, ಅವಳು ಗೊತ್ತಿದ್ದದ್ದನ್ನೇ ಕೇಳುತ್ತಿದ್ದಳು.

ಅವನ ಕನ್ನಡಕದ ಮೇಲೆ ಯಾವಾಗಲೂ ಬೆರಳಿನ ಗುರುತು. ಮೂರನೆಯ ಸಂಜೆಯೋ ನಾಲ್ಕನೆಯದೋ, ಅವಳಿಗೆ ತಡೆಯಲಾಗಲಿಲ್ಲ. ಕೇಳದೆಯೇ ಅದನ್ನು ಅವನ ಮೂಗಿನಿಂದ ಎತ್ತಿಕೊಂಡು, ಜೇಬಿನ ಮೆತ್ತನೆ ಬಟ್ಟೆಯಿಂದ ಒರೆಸಿದಳು.

"ಇದ್ರಲ್ಲಿ ನಿಮಗೆ ಏನು ಕಾಣತ್ತೆ? ದನ ಯಾವುದು ಜನ ಯಾರು ಗೊತ್ತಾಗತ್ತಾ?"

"ನೀವು ಕಾಣ್ತೀರಿ," ಅಂದುಬಿಟ್ಟು, ಆಮೇಲೆ ಕಿವಿ ಕೆಂಪಾಗಿ, "ಅಂದ್ರೆ, ಮನುಷ್ಯರು," ಎಂದು ಸೇರಿಸಿದ.

ಅಲ್ಲಿಂದ ಮುಂದೆ ದಿನವೂ ಅದೊಂದು ಕೆಲಸವಾಯಿತು. ಅವನ ದೃಷ್ಟಿ ತೀರಾ ಮಂದ. ಕನ್ನಡಕ ತೆಗೆದರೆ ಒಂದು ಗೇಣಿನಾಚೆ ಇಡೀ ಲೋಕ ನೀರಿಗೆ ಬಿದ್ದ ಬಣ್ಣ. ಎದುರಿಗೆ ನಿಂತು ಅವಳು ಲೆನ್ಸು ಒರೆಸುವಾಗ ಮಸುಕು ಮಸುಕಾಗಿ ಏನೋ ನಗುತ್ತಿರುವ ಹಾಗೆ ಇರುತ್ತಿತ್ತು. ಅವಳನ್ನು ನೆಟ್ಟಗೆ ನೋಡಲು ಧೈರ್ಯ ಬರುತ್ತಿದ್ದದ್ದು ಆಗ ಮಾತ್ರ. ಆಗಲೇ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ.

ಕೆಲಸದ ನಡುವೆ ಅವಳು ತನ್ನ ಕೋಣೆಯ ಬಗ್ಗೆ ಹೇಳುತ್ತಿದ್ದಳು. ತಂಗಿ ಇದ್ದಾಗ ಸ್ವಲ್ಪ ಬಾಯಿ ಮುಚ್ಚೇ ಎಂದು ದಿನಕ್ಕೆ ಹತ್ತು ಸಲ ಬೈಯುತ್ತಿದ್ದಳಂತೆ. ಈಗ ಗೋಡೆ ಗಡಿಯಾರಕ್ಕೆ ಬೇಕೆಂದೇ ಸದ್ದು ಮಾಡುವ ಸೆಲ್ಲು ಹುಡುಕುತ್ತಿದ್ದೇನೆ ಎಂದು ನಕ್ಕಳು. ಅವನು ಫ್ರಿಜ್ಜಿನ ವಿಷಯ ಹೇಳಿದ. ಅವಳು ನಗುವುದನ್ನು ನಿಲ್ಲಿಸಿದಳು.

ಎಷ್ಟು ನಿಧಾನ ಮಾಡಿದರೂ ಬಿಡಿಭಾಗಗಳಿಗೆ ಕೊನೆ ಎಂಬುದಿದೆ. ಕೊನೆಗೆ ಉಳಿದದ್ದು ಕೂಲರ್. ಪ್ರೊಸೆಸರಿನ ತಲೆ ಬಿಸಿಯಾಗದ ಹಾಗೆ ಮೇಲೆ ಕೂರುವ, ಫ್ಯಾನಿರುವ ಲೋಹದ ಗಟ್ಟಿ. ಅದರ ತಾಮ್ರದ ಅಡಿಗೆ ಒಂದು ತೆಳುವಾದ ಪೊರೆ ಅಂಟಿಸಿರುತ್ತಾರೆ. ಅದನ್ನು ಸುಲಿದು ಕೂರಿಸಬೇಕು. ಹಾಗೇ ಕೂರಿಸಿದರೆ ಬಿಸಿ ಹೊರಗೆ ಬರಲು ದಾರಿ ಇರುವುದಿಲ್ಲ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಮಷೀನು ತಾನೇ ತಾನಾಗಿ ಆಫ್ ಆಗುತ್ತದೆ. ಕೆಡುವುದಿಲ್ಲ. ಆದರೆ ಬಿಚ್ಚಿ ಸರಿ ಮಾಡಿಸಲು ಅಂಗಡಿಗೆ ತರಲೇಬೇಕು.

ಅವಳು ಕೂಲರನ್ನು ಕೈಗೆತ್ತಿಕೊಂಡಳು. ಪೊರೆ ಲ್ಯಾಂಪಿನ ಬೆಳಕಿಗೆ ಮಿಣ್ಣಗೆ ಹೊಳೆಯಿತು. ಅವನಿಗೆ ಕಂಡಿತು.

ಹೇಳಬೇಕು. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅವಳು ಸುಲಿಯುತ್ತಾಳೆ, ಮಷೀನು ಏಳುತ್ತದೆ, ಅವನ ಜಂಬ ಉಳಿಯುತ್ತದೆ, ಅವಳು ಇನ್ನೆಂದೂ ಬರುವುದಿಲ್ಲ.

ಅವಳು ಕೂಲರನ್ನು ಪ್ರೊಸೆಸರಿನ ಮೇಲೆ ಹಿಡಿದು, ತಲೆ ಎತ್ತಿ ಅವನನ್ನು ನೋಡಿದಳು. ಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚೇ ನೋಡಿದಳು.

"ಸರಿಯಾಗಿದೆ ಅಲ್ವಾ?"

"ಹೂಂ," ಅಂದ.

ಅವಳು ಒತ್ತಿ ಕೂರಿಸಿದಳು. ಸ್ವಿಚ್ಚು ಹಾಕಿದರೆ ಮಷೀನು ಎದ್ದು ಕೂತಿತು. ಅತ್ತಿಗೆ ಮುಂದಿನಿಂದಲೇ ಚಪ್ಪಾಳೆ ತಟ್ಟಿದಳು. ಅವನೊಬ್ಬನನ್ನು ಬಿಟ್ಟು ಉಳಿದಿಬ್ಬರೂ ನಕ್ಕರು. ಆಟೋದಲ್ಲಿ ಮಷೀನನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ತೊಂದರೆ ಬಂದರೆ ಏನು ಮಾಡಲಿ ಎಂದು ಕೇಳಿದಳು. ಬನ್ನಿ ಎಂದ.

ಅವಳು ಬರಲಿಲ್ಲ.

ಮೊದಲ ದಿನ ಅವನು ಬೆಂಚು ಒರೆಸಿ, ಅವಳು ಕೂರುತ್ತಿದ್ದ ಸ್ಟೂಲನ್ನು ಎಳೆದಿಟ್ಟುಕೊಂಡು ಕಾದ. ಭಾನುವಾರ ಕಳೆಯಿತು. ಸೋಮವಾರ ಬಾಗಿಲ ಸದ್ದಾದಾಗಲೆಲ್ಲ ಕುತ್ತಿಗೆ ಉದ್ದ ಮಾಡಿ ಮಾಡಿ, ಇನ್ನೊಂದು ವಾರ ಹೀಗೇ ಆದರೆ ಕತ್ತು ಒಂಟೆಯದಾಗುವ ಲಕ್ಷಣವಿತ್ತು. ಮೇಲೆ ಕೋಣೆಯಲ್ಲಿ ಫ್ರಿಜ್ಜು ಗುರ್ ಅಂದರೆ ಹೂಂ ಅನ್ನುವ ಮನಸ್ಸೂ ಆಗಲಿಲ್ಲ. ಕಣ್ಣು ಮುಚ್ಚಿದರೆ ಒಂದೇ ಚಿತ್ರ. ಅವಳು ಹೆಡ್‌ಫೋನ್ ಹಾಕಿಕೊಂಡಿದ್ದಾಳೆ, ತಂಗಿ ಏನೋ ಹೇಳಿ ನಗುತ್ತಿದ್ದಾಳೆ, ಮಷೀನು ಆರುತ್ತದೆ, ನಗು ಅರ್ಧಕ್ಕೇ ಕಡಿದುಹೋಗುತ್ತದೆ. ಕೋಣೆಯಲ್ಲಿ ಮತ್ತೆ ಸದ್ದಿಲ್ಲ. ಇದನ್ನು ಮಾಡಿದವನು ತಾನು.

ಕನ್ನಡಕ ಮತ್ತೆ ಮಂಕಾಯಿತು. ಅವನು ಒರೆಸಿಕೊಳ್ಳಲಿಲ್ಲ.

ಅತ್ತಿಗೆಯ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ. ಒಂದು ಮಧ್ಯಾಹ್ನ ಸ್ಟೂಲಿನ ಮೇಲೆ ತಾನೇ ಬಂದು ಕೂತು, ಏನಾಯಿತು ಹೇಳು ಎಂದಳು. ಅವನು ಪೊರೆಯ ವಿಷಯ ಹೇಳಿದ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ.

ಅತ್ತಿಗೆ ಬೈಯಲಿಲ್ಲ. "ಅವಳ ಕೆಲ್ಸ ಏನೋ?" ಎಂದು ಕೇಳಿದಳು.

"ಕನ್ನಡಕದಂಗಡಿ."

"ಅಲ್ಲಿ ಏನ್ಮಾಡ್ತಾಳೆ?"

"ಲೆನ್ಸು ಕೂರಿಸ್ತಾರೆ. ಹೊಸ ಲೆನ್ಸಿನ ಮೇಲಿನ..."

ಗಾಜಿನ ಮೇಲಿನ ಪೊರೆಯ ಮೂಲೆ ಎತ್ತಿದ ಅವಳ ಉಗುರು ಅವನಿಗೆ ನೆನಪಾಯಿತು. ಒಂದೇ ಎಳೆತ. ಎಲ್ಲಿ ಕಂಡರೂ ಕೈ ಸುಮ್ಮನಿರಲ್ಲ ಅಂದಿದ್ದಳು.

"ಕನ್ನಡಕ ಹಾಕ್ಕೊಂಡ ಕುರುಡ ನೀನು," ಅತ್ತಿಗೆ ಎದ್ದಳು. "ಹೋಗು. ಬೆಂಚು ಎಲ್ಲೂ ಓಡಿಹೋಗಲ್ಲ."

ಆ ಬೀದಿ ಅವನಿಗೆ ಯಾವತ್ತೂ ಅಷ್ಟು ಉದ್ದವೆನಿಸಿರಲಿಲ್ಲ. ಕನ್ನಡಕದಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅವಳು ಗಾಜಿನ ಮೇಜಿನ ಹಿಂದೆ ಫ್ರೇಮುಗಳನ್ನು ಜೋಡಿಸುತ್ತಿದ್ದಳು. ಅವನು ಒಂದೇ ಉಸಿರಿಗೆ, ಪೊರೆ ನೋಡಿದ್ದೆ, ಬೇಕಂತಲೇ ಹೇಳಲಿಲ್ಲ, ನೀವು ಮತ್ತೆ ಬರಲಿ ಅಂತ ಹಾಗೆ ಮಾಡಿದೆ, ತಪ್ಪಾಯಿತು ಎಂದ.

"ಗೊತ್ತು," ಅಂದಳು. "ನಾನೂ ನೋಡಿದ್ದೆ."

"ಮತ್ತೆ ಬರ್ಲಿಲ್ಲ?"

"ದಿನಾ ನಾನೇ ಬಂದಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಪೊರೆ ನೋಡಿ ನೀವು ಸುಮ್ನಾದ್ರಿ. ಸರಿ, ಇವ್ರಿಗೂ ನಾನು ಬೇಕು ಅಂದ್ಕೊಂಡೆ. ಬೇಕು ಅನ್ನೋರು ಒಂದ್ಸಲನಾದ್ರೂ ಆ ಬೆಂಚು ಬಿಟ್ಟು ಎದ್ದು ಬರ್ಬೇಕಲ್ವಾ?"

ಮಷೀನನ್ನು ಮನೆಗೆ ಒಯ್ದವಳು ಒಂದು ಸಲವೂ ಆನ್ ಮಾಡಿರಲಿಲ್ಲವಂತೆ. ಒಂದು ಪಾರ್ಟು ಬಂದಿಲ್ಲ ಎಂದು ತಂಗಿಗೆ ಹೇಳಿದ್ದಳಂತೆ. ಸಂಜೆ ಸುಮ್ಮನೆ ಅದರ ಪಕ್ಕ ಕೂರುತ್ತಿದ್ದಳಂತೆ, ಹಗಲೆಲ್ಲ ಈ ಅಂಗಡಿಯ ಬಾಗಿಲಿನ ಕಡೆ ಕಿವಿ ಇಟ್ಟು ಕಾದಿದ್ದಳಂತೆ. ಆ ಬೀದಿಯ ಎರಡು ತುದಿಯಲ್ಲಿ ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದರು.

"ಬಂದಿದೀನಿ," ಅಂದ ಅವನು.

ಭಾನುವಾರ ಅವಳ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅವನು ಮಷೀನಿನ ಖಾಲಿ ಡಬ್ಬದ ಮೇಲೆ ಕೂತ. ಡಬ್ಬ ಉಸ್ ಅಂತ ಅರ್ಧಕ್ಕೆ ಇಳಿಯಿತು. ಕೂಲರನ್ನು ಬಿಚ್ಚಿ ಅವಳು ಅವನ ಮುಂದೆ ಹಿಡಿದಳು, ನೀವೇ ಸುಲಿಯಿರಿ ಎಂದಳು. ನೂರಾರು ಮಷೀನು ಕಟ್ಟಿದ ಕೈಗೆ ಆ ಒಂದು ಮೂಲೆ ಸಿಕ್ಕಲು ಮೂರು ಸಲ ಬೇಕಾಯಿತು.

ಮಷೀನು ಎದ್ದಿತು. ಹೆಡ್‌ಫೋನಿನಿಂದ ತಂಗಿಯ ದನಿ ಹೊರಗೂ ಕೇಳುವಷ್ಟು ಜೋರಾಗಿ ಬಂತು. ಅಂತೂ ಆ ಪಾರ್ಟು ಬಂತಾ ಎಂದು ಕೇಳುತ್ತಿದ್ದಳು.

"ಈಗಷ್ಟೇ ಬಂತು," ಅಂದಳು ಅಕ್ಕ, ಅವನನ್ನು ನೋಡುತ್ತ.

ಆಟ ಶುರುವಾಯಿತು. ನಡುವೆ ಅವಳು ಅವನ ಕಡೆ ತಿರುಗಿದಳು. ಕೈ ಸುಮ್ಮನಿರಲಿಲ್ಲ. ಮಂಕಾದ ಕನ್ನಡಕವನ್ನು ಎತ್ತಿಕೊಂಡಳು. ಈ ಸಲ ಒರೆಸಲಿಲ್ಲ, ಮೇಜಿನ ಮೇಲಿಟ್ಟಳು.

"ಕಾಣ್ತೀನಾ?"

"ಇಲ್ಲ."

ಅವಳು ಕುರ್ಚಿ ಎಳೆದುಕೊಂಡಳು. "ಈಗ?"

"ಸ್ವಲ್ಪ."

ಇನ್ನೂ ಬಗ್ಗಿದಳು. ನಡುವೆ ಒಂದು ಗೇಣೂ ಉಳಿಯಲಿಲ್ಲ. ಹೆಡ್‌ಫೋನಿನಲ್ಲಿ ತಂಗಿ, ಅಕ್ಕಾ ಯಾಕೆ ನಿಂತೆ, ಹೊಡೀತಿದಾರೆ ಓಡು ಎಂದು ಬಡಿದುಕೊಳ್ಳುತ್ತಿದ್ದಳು. ಯಾರೂ ಓಡಲಿಲ್ಲ.

"ಈಗ?"

"ಈಗ ಕಾಣ್ತಿದೀರಿ," ಅಂದ ಅವನು.