ನಾಡಿ ಹಿಡಿದವಳು ಎಣಿಸಿದ್ದು

ಅಂಗಿಯ ಗುಂಡಿ ಹಾಕಿದ್ದಷ್ಟೇ, ಮಂಚದ ಎದುರಿನ ಪರದೆಯ ಮೇಲೆ ಯಮನೂರಪ್ಪನ ಎದೆಗೂಡು ಬಿಚ್ಚಿಕೊಂಡಿತು. ಬಲ ಶ್ವಾಸಕೋಶದ ಮೂರು ಹಾಲೆ, ಎಡದ ಎರಡು. ಕೆಳಗೆ ಎದೆ-ಹೊಟ್ಟೆಗಳ ನಡುವಿನ ಗುಮ್ಮಟದಂಥ ಪೊರೆ, ವಪೆ, ಉಸಿರೆಳೆದಾಗ ತಗ್ಗಿ ಚಪ್ಪಟೆಯಾಗುತ್ತಿತ್ತು, ಬಿಟ್ಟಾಗ ಮೇಲೇರುತ್ತಿತ್ತು.

ಡಾ. ಸುಲೋಚನಾ ಕೆರೂರ ಹನ್ನೊಂದು ವರ್ಷ ದುಡಿದು ಮಾಡಿದ ಎದೆಗನ್ನಡಿ ಅದು. ಅಂಗಿಯೊಳಗಿನ ನೂರಾರು ಸಂವೇದಕಗಳು ಶ್ವಾಸಕೋಶದ ಮೂಲೆಮೂಲೆಯ ಗಾಳಿಯನ್ನು ಅಳೆಯುತ್ತಿದ್ದವು. ಬೆನ್ನು ಬಡಿದು, ಸ್ಟೆತಾಸ್ಕೋಪ್ ಇಟ್ಟು ಅರ್ಧ ಗಂಟೆ ಊಹಿಸುತ್ತಿದ್ದುದನ್ನು ಅದು ಒಂದೇ ನಿಮಿಷದಲ್ಲಿ ತೋರಿಸುತ್ತಿತ್ತು. ಕಫ ಕಟ್ಟಿದ ಜಾಗವನ್ನು ಅದು ಒಮ್ಮೆಯೂ ತಪ್ಪು ಹೇಳಿರಲಿಲ್ಲ. ಹಾಗಾಗಿ ಶಸ್ತ್ರಚಿಕಿತ್ಸೆಗೆ ಅನುಮತಿ ಕೊಡುವ ಅಧಿಕಾರವನ್ನೂ ಆಸ್ಪತ್ರೆ ಅದಕ್ಕೇ ಬಿಟ್ಟಿತ್ತು.

ಭತ್ತ ಕಟಾವು ಯಂತ್ರದ ಚಾಲಕ ಯಮನೂರಪ್ಪನಿಗೆ ಅದು ಎರಡು ಸಲ ಅನುಮತಿ ಕೊಟ್ಟಿರಲಿಲ್ಲ. ಪಿತ್ತಕೋಶದ ತುಂಬ ಕಲ್ಲು. ಇನ್ನು ತಡಮಾಡಿದರೆ ಒಡೆದು ಜೀವಕ್ಕೆ ಕುತ್ತು ಬಂದೀತೆಂದು ಸರ್ಜನ್ ಎಚ್ಚರಿಸಿದ್ದರು. ಶ್ವಾಸಕೋಶ ಎರಡೂ ಶುಭ್ರವಾಗಿದ್ದವು. ಆದರೂ ಈ ಸಲವೂ ಪರದೆಯ ಮೂಲೆಯಲ್ಲಿ ಮೂಡಿದ ಸಂಖ್ಯೆ: ನಿಮಿಷಕ್ಕೆ ಮೂವತ್ನಾಲ್ಕು ಉಸಿರು; ಇಪ್ಪತ್ತು ದಾಟಬಾರದಿತ್ತು. ಕೆಂಪು ದೀಪ.

"ಮತ್ತ ಕೆಂಪಾತು," ಎಂದ ಯಮನೂರಪ್ಪ. "ನನ್ನ ಇಂಜಿನ್ ಬಾನೆಟ್ ತೆಗೆದು ನನಗ ತೋರ್ಸಿದ್ರ ಹೆಂಗ್ರೀ ಮೇಡಂ? ಉಸಿರು ನಾ ನಡೆಸಿದಂಗ ನಡೀತೈತಿ. ಕೈ ಬಿಟ್ರ ನಿಂತ್ ಬಿಟ್ಟೀತು ಅಂತ ಹೆದರಿಕಿ."

"ನೀವು ಸಹಜವಾಗಿ ಉಸಿರಾಡಿ, ಸಾಕು," ಎಂದರು ಕೆರೂರ.

"ಹಂಗಂದ್ರ ಹೆಂಗ್ ಆಡೋದ್ರೀ?"

ಕೆರೂರ ಅಂಗಿಯ ಗುಂಡಿಗಳನ್ನು ಮತ್ತೊಮ್ಮೆ ಸರಿಮಾಡಿದರು.

ಪಕ್ಕದಲ್ಲಿದ್ದ ಫರ್ಹಾನಾ ಫಿಸಿಯೋಥೆರಪಿಯ ಕೊನೆಯ ವರ್ಷದ ವಿದ್ಯಾರ್ಥಿನಿ. ಹಾಸ್ಟೆಲ್ ಲೈಬ್ರರಿಯ ರಟ್ಟು ಕಿತ್ತ ಪುಸ್ತಕವೊಂದರಲ್ಲಿ ಅವಳು ಓದಿದ್ದಳು: ಹೃದಯ ನಾವು ಹೇಳಿದಂತೆ ಬಡಿಯುವುದಿಲ್ಲ; ಉಸಿರಿಗೆ ಮಾತ್ರ ಇಬ್ಬರು ಯಜಮಾನರು. ಮಿದುಳಿನ ಬುಡ ಅದನ್ನು ತಾನೇ ನಡೆಸುತ್ತದೆ. ನಾವು ಗಮನಿಸಿದೆವೋ, ಮನಸ್ಸು ಕೈಹಾಕುತ್ತದೆ. ಆದ್ದರಿಂದ ಉಸಿರು ಎಣಿಸುವಾಗ ರೋಗಿಗೆ ಹೇಳಬಾರದು. ನಾಡಿ ನೋಡುವವರಂತೆ ಕೈ ಹಿಡಿದಿರಬೇಕು.

ಅವಳು ಪರದೆಯ ಮೇಲೆ ಬೆಡ್‌ಶೀಟ್ ಎಸೆದಳು. "ಯಂತ್ರ ಕೆಟ್ಟೈತ್ರಿ ಅಣ್ಣಾರ. ಕೈ ಕೊಡ್ರಿ, ನಾಡಿ ನೋಡ್ತೀನಿ."

"ಕೆಟ್ಟಿದೆಯಾ?" ಕೆರೂರ ಮುನ್ನುಗ್ಗಿದರು. ಫರ್ಹಾನಾ ಕಣ್ಣು ದೊಡ್ಡದು ಮಾಡಿದಳು. ಅವರು ಅಲ್ಲೇ ನಿಂತರು.

"ಕೆಡಲಾರದ ಏನ್ ಮಾಡ್ತೈತಿ? ಮೈತುಂಬಾ ವೈರು," ಎಂದು ಗೊಣಗಿದ ಯಮನೂರಪ್ಪ ಕಣ್ಣು ಮುಚ್ಚಿದ. ಹೊತ್ತು ಕಳೆದಂತೆ ಭುಜ ಸಡಿಲಾಯಿತು. ಫರ್ಹಾನಾ ಒಂದು ಕಣ್ಣನ್ನು ಗಡಿಯಾರದ ಮೇಲೆ, ಇನ್ನೊಂದನ್ನು ಅವನ ಎದೆಯ ಮೇಲೆ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿದಳು.

"ಹದಿನೆಂಟು," ಎಂದು ಕೆರೂರರತ್ತ ತಿರುಗಿ ಪಿಸುಗುಟ್ಟಿದಳು.

ಕೆರೂರ ಬೆಡ್‌ಶೀಟಿನ ಅಂಚೆತ್ತಿ ಇಣುಕಿದರು. ಹದಿನೆಂಟು, ಹಸಿರು ದೀಪ. ಹೊರಗೆ ಬಂದವರು, "ಯಂತ್ರ ಎದೆಯನ್ನ ಹೇಗೆ ನೋಡಬೇಕು ಅಂತಷ್ಟೇ ಯೋಚಿಸ್ತಿದ್ದೆ. ಮನುಷ್ಯ ತಿರುಗಿ ಯಂತ್ರಾನ ನೋಡ್ತಾನೆ ಅಂತ ಹೊಳೀಲೇ ಇಲ್ಲವಲ್ಲ!" ಎಂದು ನಕ್ಕರು. ಮಧ್ಯಾಹ್ನವೇ ಶಸ್ತ್ರಚಿಕಿತ್ಸೆ ಆಯಿತು. ಅದೇ ವಾರ ಎದೆಗನ್ನಡಿಯ ಕೈಪಿಡಿಗೆ ಹೊಸ ಸಾಲು ಸೇರಿತು: ಪರದೆ ರೋಗಿಗೆ ಕಾಣಬಾರದು, ಒಬ್ಬರು ಅವರ ಕೈ ಹಿಡಿದಿರಬೇಕು.

ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ಯಮನೂರಪ್ಪ ಕೇಳಿದ, "ಅಕ್ಕೋರೆ, ಅವತ್ತ ನನ್ನ ನಾಡಿ ಎಷ್ಟಿತ್ರಿ?"

ಫರ್ಹಾನಾಗೆ ಮತ್ತೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಎಣಿಸೇ ಇಲ್ರಿ. ಎಣಿಸಿದ್ದು ಉಸಿರು."

"ಭಾರಿ ಅದೀರಿ ನೀವು!" ಅವನು ಹೊಲಿಗೆ ಅದುಮಿ ಹಿಡಿದು ನಕ್ಕ. ಸಂಜೆಯೊಳಗೆ ಇಡೀ ವಾರ್ಡಿಗೆ ಕತೆ ಹೇಳಿದ.

ಮರುದಿನ ಆ ವಾರ್ಡಿನಲ್ಲಿ ಯಾರ ಕೈ ಹಿಡಿದರೂ ಕೆಂಪು ದೀಪ. ಎಲ್ಲರೂ ಉಸಿರಿನ ಮೇಲೆ ಕಾವಲು ಕೂತಿದ್ದರು. ಕೆರೂರ ಓಡಿಬಂದಾಗ ಫರ್ಹಾನಾ ಆರನೇ ಮಂಚದ ಅಜ್ಜಿಯ ಕಾಲ ಬಳಿ ಕೂತು ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದ್ದಳು.

"ಏನ್ ನೋಡ್ತೀಯವಾ?" ಎಂದಳು ಅಜ್ಜಿ.

"ಬಾವು ಐತೇನಂತ, ಅಮ್ಮಾ," ಎಂದು ಫರ್ಹಾನಾ ಅಜ್ಜಿಯ ಎದೆಯನ್ನು ಓರೆಗಣ್ಣಿನಿಂದ ನೋಡುತ್ತ ಎಣಿಸುತ್ತ ಹೋದಳು.