ಬಿಳಿ ಗೋಡೆಯ ಮೂರನೇ ಸಾಲು

ಹೆಣ ಸಿಕ್ಕಿದ್ದು ಬೆಳಿಗ್ಗೆ ಆರೂವರೆಗೆ. ಹೆದ್ದಾರಿ ಪಕ್ಕದ ಚರಂಡಿಯಲ್ಲಿ, ಬೋರಲಾಗಿ.

ಟೈಲ್ಸ್ ಮೇಸ್ತ್ರಿಯ ಹೆಂಡತಿ ಓಡಿ ಬರುವಷ್ಟರಲ್ಲಿ ಇನ್ಸ್‌ಪೆಕ್ಟರ್ ಅರ್ಧ ಪುಟ ಬರೆದು ಮುಗಿಸಿದ್ದ. ಕುಡಿದು ರಸ್ತೆ ದಾಟುವಾಗ ಗಾಡಿ ಬಡಿದಿದೆ, ಅಷ್ಟೇ. ಕೂಲಿಯವನ ಸಾವಿಗೆ ಅರ್ಧ ಪುಟವೇ ಧಾರಾಳ.

"ಕುಡಿದಿದ್ರು ಅಂತ ಯಾರು ಹೇಳಿದ್ರು ಸಾರ್?"

"ಅವನ ಕಂಟ್ರಾಕ್ಟರು. ಫೋನ್ ಮಾಡಿ ಕೇಳ್ದೆ. ಸಂಜೆ ಗೋಡೆ ಮುಗಿಸಿ, ಬಾಟ್ಲಿ ಏರಿಸಿ ಹೊರಟನಂತೆ. ಬಟ್ಟೆ ಮೂಸಿ ನೋಡಮ್ಮ."

ವಾಸನೆ ಬರುತ್ತಿತ್ತು, ಸುಳ್ಳಲ್ಲ. ಆದರೆ ಅವಳು ನೋಡಿದ್ದು ಕೈಯನ್ನು. ಬೆರಳ ಸಂದಿಗಳಲ್ಲಿ ಸಿಮೆಂಟು ಒಣಗಿ ಕಲ್ಲಾಗಿತ್ತು. ಬಲ ಅಂಗೈಯಲ್ಲಿ ಕಡಲೆಕಾಳಿನಷ್ಟು ಕಪ್ಪು ಗುಳಿ.

ಒಂಬತ್ತು ವರ್ಷ ಆ ಕೈಯ ಹಿಂದೆಯೇ ದುಡಿದವಳು. ಅವನು ಟೈಲ್ಸ್ ಕೂರಿಸಿದರೆ ಅವಳು ಸಂದು ತುಂಬುವಳು. ನಿನ್ನೆ ಮಾತ್ರ ಜ್ವರ ಬಂದು ಮಲಗಿದ್ದಳು.

"ಸಾರ್, ಕೈ ತೊಳೀದೆ ಇವರು ನೀರೂ ಕುಡಿಯೋರಲ್ಲ. ಸಿಮೆಂಟು ಹೊಟ್ಟೆಗೆ ಹೋದೀತು ಅಂತ ಭಯ. ಈ ಕೈಯಲ್ಲಿ ಬಾಟ್ಲಿ ಹಿಡಿದ್ರಾ?"

"ಕುಡಿಯೋನಿಗೆ ಕೈ ಯಾಕಮ್ಮ? ಬಾಯಿದ್ರೆ ಸಾಕು."

ಪಕ್ಕದ ಪೇದೆ ಕಿಸಕ್ಕನೆ ನಕ್ಕ. ಅವಳು ನಗು ನಿಲ್ಲುವವರೆಗೂ ಅವನನ್ನೇ ನೋಡಿದಳು.

"ಈ ಅರ್ಧ ಪುಟದಲ್ಲಿರೋನು ನನ್ನ ಗಂಡ ಅಲ್ಲ ಸಾರ್. ಇದಕ್ಕೆ ನಾನು ಸಹಿ ಹಾಕೋದಿಲ್ಲ."

"ಸಂಜೆ ಐದಕ್ಕೆ ಫೈಲ್ ಮುಚ್ತೀನಿ. ಅಷ್ಟರೊಳಗೆ ಬೇರೆ ಗಂಡನನ್ನ ತೋರಿಸು."

*

ಮನೆಯಲ್ಲಿ ಮಂಚದ ಕೆಳಗೆ ಬಿಳಿ ಟೈಲ್ಸ್ ಇದ್ದವು. ಇಪ್ಪತ್ತಮೂರು. ಕೆಲಸ ಮುಗಿದ ಮನೆಗಳಲ್ಲಿ ಮಿಕ್ಕದ್ದನ್ನು ಕೇಳಿ ತಂದವು. ಒಂದು ಹಾಲಿನ ಬಿಳಿ, ಇನ್ನೊಂದು ಸುಣ್ಣದ ಬಿಳಿ. ಕಂಡವರ ಅಡುಗೆಮನೆಗಳನ್ನೆಲ್ಲ ಬೆಳ್ಳಗೆ ಮಾಡಿದವನ ಒಲೆಯ ಹಿಂದೆ ಮಾತ್ರ ಮಸಿ.

"ನಲವತ್ತಾಗ್ಲಿ ಕಣೇ. ನಿನ್ನ ಗೋಡೆ ಮುಗಿಸಿಬಿಡ್ತೀನಿ" ಎನ್ನುತ್ತಿದ್ದ ಅವನು.

ಬಾಗಿಲು ಕಿರುಗುಟ್ಟಿತು. ಥಟ್ಟನೆ ತಿರುಗಿದಳು. ಬರೀ ಗಾಳಿ. ಎಲ್ಲ ಗೊತ್ತಿದ್ದೂ ತಿರುಗಿದ ಕತ್ತನ್ನು ಏನು ಮಾಡುವುದು?

ಟೈಲ್ಸಿಗೆ ಹೊದಿಸಿದ್ದ ರಟ್ಟಿನ ಮೇಲೆ ಅವನ ಪೆನ್ಸಿಲ್ ಗೆರೆಗಳಿದ್ದವು. ಮೊನ್ನೆ ರಾತ್ರಿ ಅವಳ ಹಾಸಿಗೆಯ ಪಕ್ಕ ಕೂತು ಬರೆದ ನಕ್ಷೆ. ನಿನ್ನೆಯ ಗೋಡೆಯದೇ.

"ಬರೀ ಬಿಳಿ. ಇದಕ್ಕೇನು ಡಿಸೈನು?" ಎಂದು ಅವಳು ಹಂಗಿಸಿದ್ದಳು.

"ಬಿಳಿಗೆ ಗೆರೆಯೇ ಡಿಸೈನು. ಗೆರೆ ತಪ್ಪಿದ್ರೆ ಮುಚ್ಚಿಹಾಕೋಕೆ ಹೂವಿಲ್ಲ, ಬಳ್ಳಿಯಿಲ್ಲ."

ಒಲೆಯ ನಡುವಿನಿಂದ ಶುರು. ಇಟ್ಟಿಗೆ ಕಟ್ಟಿದ ಹಾಗೆ ಏಳು ಸಾಲು. ಮೂರನೇ ಸಾಲಿನಲ್ಲಿ ಪ್ಲಗ್ ಪಾಯಿಂಟಿಗೆ ತೂತು. ಮೊದಲು ಅದು ಸಂದಿಗೆ ಬೀಳುತ್ತಿತ್ತು. "ಅರ್ಧ ಟೈಲ್ಸ್ ಸರಿಸಿ, ನಡುಮಧ್ಯ ಕೂತ್ಕೊಳ್ಳಲಿ" ಎಂದವಳು ಅವಳೇ. "ನೀನೇ ಮೇಸ್ತ್ರಿಯಾಗು, ನಾನು ಸಂದು ತುಂಬ್ತೀನಿ" ಎಂದು ಅವನು ನಕ್ಕಿದ್ದ.

ರಟ್ಟು ಕಂಕುಳಿಗೆ ಸೇರಿಸಿಕೊಂಡು ಎದ್ದಳು.

*

ಹೊಸ ಕಟ್ಟಡದ ಕಾವಲುಗಾರ ಪಿಸುಗುಟ್ಟಿದ: "ಅಕ್ಕಾ, ನಿನ್ನೆ ಬೆಳಿಗ್ಗೆ ಮನೆಯೊಡತಿ ರೇಗಾಡ್ತಿದ್ರು. ಕಿತ್ತು ಬಿಸಾಕ್ತೀನಿ ಅಂದ್ರು. ಈ ಕಿವೀಲೇ ಕೇಳ್ದೆ."

ಅವಳು ನೇರ ಮನೆಯೊಡತಿಯ ಮುಂದೆ ನಿಂತಳು.

"ನಿನ್ನ ಗಂಡನ ಮೇಲಲ್ಲ ಕಣಮ್ಮ," ಎಂದರು ಆಕೆ. "ಬಿಳಿ ಕೇಳಿದ್ರೆ ಕಂಟ್ರಾಕ್ಟರು ಹೂವಿನ ಟೈಲ್ಸ್ ತಂದಿದ್ದ. ಅದನ್ನ ಅಂಟಿಸಿದ್ರೆ ಕಿತ್ತು ಬಿಸಾಕ್ತೀನಿ ಅಂದೆ. ನಿನ್ನ ಗಂಡ ನನ್ನ ಪರವಾಗೇ ಮಾತಾಡಿದ. ಬಿಳೀದು ತರಿಸಿದ ಮೇಲೆ ನಾನು ಆಫೀಸಿಗೆ ಹೋದೆ. ಸಂಜೆ ಬಂದಾಗ ಅವನು ಇರಲಿಲ್ಲ."

ಕಂಟ್ರಾಕ್ಟರ ಅಡುಗೆಮನೆಯಲ್ಲೇ ಇದ್ದ. ಅವನ ಹೇಳಿಕೆಗೆ ಸಹಿ ಬೇಕೆಂದು ಇನ್ಸ್‌ಪೆಕ್ಟರೂ ಬಂದಿದ್ದ. ಗಂಟೆ ನಾಲ್ಕೂವರೆ.

ಅವಳು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಬಂದಳು. ಮೊದಲೆರಡು ಸಾಲು ಗಟ್ಟಿ ಸದ್ದು. ಮೂರರಿಂದ ಮೇಲೆ ಖಾಲಿ ಗಡಿಗೆ ತಟ್ಟಿದ ಹಾಗೆ.

"ಮೂರನೇ ಸಾಲಿನ ತೂತೆಲ್ಲಿ ಅಣ್ಣಾ?" ಎನ್ನುತ್ತ ನಕ್ಷೆಯ ರಟ್ಟನ್ನು ಎಲ್ಲರ ಮುಂದೆ ಹಿಡಿದಳು.

"ಯಾವ ತೂತು? ಹಾಂ, ಪಾಯಿಂಟಾ? ಮೇಡಮ್ಮೇ ಬೇಡ ಅಂದ್ರು."

"ನಾನಾ?" ಮನೆಯೊಡತಿ ಹುಬ್ಬೇರಿಸಿದರು. "ಮೇಸ್ತ್ರಿ ಮರೆತುಬಿಟ್ಟ ಅಂತ ನಿನ್ನೆ ನೀವೇ ಹೇಳಿದ್ರಿ!"

"ಒಡೀಲಾ ಅಮ್ಮಾ?"

"ಒಡಿ."

"ಹೊಸ ಗೋಡೆ ಕಣ್ರೀ!" ಕಂಟ್ರಾಕ್ಟರ ಅಡ್ಡ ಬಂದ.

ಇನ್ಸ್‌ಪೆಕ್ಟರ್ ರಟ್ಟನ್ನು ನೋಡಿದ. ಗೋಡೆಯನ್ನು ನೋಡಿದ. ಪೆನ್ನಿನ ಮುಚ್ಚಳ ಹಾಕಿದ.

"ಸರಿದು ನಿಲ್ರೀ."

ಅವಳು ಅಲ್ಲೇ ಬಿದ್ದಿದ್ದ ಉಳಿ ಎತ್ತಿಕೊಂಡಳು. ಎರಡೇ ಏಟಿಗೆ ಟೈಲ್ಸ್ ಇಡಿಯಾಗಿ ಕಳಚಿತು. ಹಿಂದೆ ಕರಗಿದ ಸ್ವಿಚ್ ಡಬ್ಬ. ಸುಟ್ಟು ಕರಕಲಾದ ವಯರು.

*

"ನನ್ನ ಗಂಡನ ಕೆಲಸ ಎರಡೇ ಸಾಲು ಸಾರ್," ಎಂದಳು ಅವಳು. "ಇವರು ನೀರಲ್ಲಿ ನೆನೆಸದೆ ಒಂದು ಟೈಲ್ಸೂ ಕೂರಿಸಿದವರಲ್ಲ. ಇದರ ಬೆನ್ನು ನೋಡಿ, ಸಿಮೆಂಟೇ ಹಿಡಿದಿಲ್ಲ. ಒಣ ಟೈಲ್ಸನ್ನೇ ಅಂಟಿಸಿದ್ದಾರೆ. ಮೂರನೇ ಸಾಲಿಗೆ ತೂತು ಅಳೆಯೋಕೆ ಒದ್ದೆ ಕೈ ಇಟ್ಟಾಗ ಕರೆಂಟು ಹೊಡೆದಿದೆ. ಅಂಗೈಯ ಗುಳಿ ಅದೇ. ಸುಟ್ಟ ಡಬ್ಬ ಮುಚ್ಚೋಕೆ ಈ ಅಣ್ಣನೇ ಕರಣೆ ಹಿಡಿದ. ಇವನೂ ಹಿಂದೆ ಮೇಸ್ತ್ರಿಯೇ. ಆಮೇಲೆ ಬಟ್ಟೆಗೆ ಹೆಂಡ ಸುರಿದು, ಟೈಲ್ಸ್ ಗಾಡೀಲಿ ಹಾಕಿ, ಕತ್ತಲಾದ ಮೇಲೆ ಹೆದ್ದಾರಿಗೆ ಬಿಸಾಕಿದ. ಕೈ ತೊಳೆಯೋಕೆ ನನ್ನ ಗಂಡನಿಗೆ ಸಂಜೆಯೇ ಆಗಲಿಲ್ಲ."

ಕಂಟ್ರಾಕ್ಟರ ಗೋಡೆಗೆ ಒರಗಿದ.

"ಕರೆಂಟು ತೆಗೀರಿ ಅಂತ ಕೇಳ್ದ. ಮೇಲಿನ ಮೂರು ಮಹಡೀಲಿ ನೆಲ ಉಜ್ಜೋ ಮೆಷಿನ್ ಓಡ್ತಿತ್ತು. ಎಲ್ಲಾ ನಿಲ್ಲಿಸಬೇಕಾಗ್ತಿತ್ತು. ಹತ್ತು ನಿಮಿಷದ ಕೆಲಸ, ಹುಷಾರಾಗಿ ಮಾಡು ಅಂದೆ."

ಅವಳು ಸಾಲುಗಳನ್ನು ಕಣ್ಣಲ್ಲೇ ಎಣಿಸಿದಳು.

"ಐದು ಸಾಲು. ಎಷ್ಟು ಅವಸರ ಮಾಡಿದ್ರೂ ಎರಡು ಗಂಟೆ. ಅಷ್ಟು ಹೊತ್ತು ಅವರೆಲ್ಲಿದ್ರು?"

ಅವನು ಕಟ್ಟೆಯ ಬುಡದ ನೆಲ ತೋರಿಸಿದ.

"ಉಸಿರಿತ್ತಾ?"

ಇನ್ಸ್‌ಪೆಕ್ಟರ್ ಅವನ ಕೊರಳಪಟ್ಟಿ ಹಿಡಿದ. "ಕೇಳ್ತಿದಾಳೆ. ಹೇಳೋ."

"ಮೊದಮೊದಲು ಇತ್ತು. ಮನೆಗೆ ಬಿಡಿ ಅಂದ. ಎರಡು ಸಲ."

ಅವಳು ಎರಡನೇ ಸಾಲಿನ ಮೇಲೆ ಅಂಗೈ ಊರಿದಳು. ತಣ್ಣಗಿತ್ತು. ಗೆರೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇನ್ಸ್‌ಪೆಕ್ಟರ್ ಹಳೆಯ ಹಾಳೆ ಹರಿದು ಹೊಸದು ತೆಗೆದ.

"ಬರ್ಕೊಳ್ಳಿ ಸಾರ್," ಎಂದಳು. "ಎರಡು ಸಲ ಅಂದ್ರು ಅಂತಾನೂ ಬರ್ಕೊಳ್ಳಿ."